ಕೀಪ್ಯಾಡ್ ಫೋನಿಗೆ ಬಂದ ಪಲ್ಲಕ್ಕಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಪ್ರಭಾವತಿಯವರು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ತಾಯಿ ಉಡಚವ್ವ ಪರರ ಸೀರೆಗಳಿಗೆ ಕಸೂತಿ ಹಾಕಿ ಅವರನ್ನು ಓದಿಸಿದಳು. “ಸೂಜಿ ಹಿಡದು ನನ್ನ ಕೈಗೆ ಪೆನ್ಸಿಲ್ ಕೊಡಿಸಿದಾಕಿ ನಮ್ಮವ್ವ” ಎಂದು ಪ್ರಭಾವತಿಯವರು ಯಾರ ಮುಂದೆಯೂ ತಲೆಯೆತ್ತಿ ಹೇಳುತ್ತಾರೆ.

ಗುರುವಾರದ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಹವ್ಯಾಸಕ್ಕಾಗಿ ಕಸೂತಿ ಕಲಿಯುವ ಹೆಂಗಸರು ಸೇರುತ್ತಾರೆ. ಕಳೆದ ವರ್ಷ ಉಡಚವ್ವನ ಕಣ್ಣು ಮಂಜಾಗತೊಡಗಿತು. ಆಕೆ ಹಾಕುತ್ತಿದ್ದ ಪಲ್ಲಕ್ಕಿಯ ವಿನ್ಯಾಸ ಮಗಳನ್ನು ಬಿಟ್ಟರೆ ಬೇರೆ ಯಾರಿಗೂ ಬಾರದು. ತಪ್ಪು ಹಿಡಿಯಲು ಆಕೆ ಇರುವಾಗಲೇ ಅದು ಉಳಿದವರ ಕೈಗೂ ಇಳಿಯಬೇಕೆಂದು ಪ್ರಭಾವತಿಯವರು ಹಟ ಹಿಡಿದರು.

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರವು ಒಂದು ಹೊಲಿಗೆ ಬಿಟ್ಟು ಒಂದರಂತೆ ಮುಂದೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು; ಆಗ ಬಟ್ಟೆಯ ಎರಡೂ ಬದಿಗಳು ಒಂದೇ ಥರ ಕಾಣುತ್ತವೆ. ಗುಂಪಿನ ಗುಲ್ನಾಜ ಎಂಬ ಶಿಕ್ಷಕಿಯ ಐಫೋನಿನಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಆ್ಯಪ್ ಒಂದಿತ್ತು. ವಿನ್ಯಾಸ ಬರೆದರೆ ಸೂಜಿ ಹೋಗಿಬರುವ ಹಾದಿಯನ್ನು ಅದು ಗೆರೆ ಓಡಿಸಿ ತೋರಿಸುತ್ತಿತ್ತು. ಪ್ರಭಾವತಿಯವರು ಬಿಡುವಾದಾಗಲೆಲ್ಲ ಕುಳಿತು ಅದರಲ್ಲಿ ಪಲ್ಲಕ್ಕಿ ಬರೆದು ಮುಗಿಸಿದರು. ಆದರೆ ಆ ಆ್ಯಪ್ ಆಂಡ್ರಾಯ್ಡ್ ಫೋನುಗಳಿಗೆ ಬಂದೇ ಇರಲಿಲ್ಲ. ಅಂಥದೇ ಇನ್ನೊಂದು ಸಿಕ್ಕಿತಾದರೂ ಉಳಿದವರ ಹಳೆಯ ಫೋನುಗಳು ಅದನ್ನು ಒಪ್ಪಲಿಲ್ಲ. ಹೆಬ್ಬಳ್ಳಿ ಎಂಬ ಹಳ್ಳಿಯಿಂದ ಅಪರೂಪಕ್ಕೊಮ್ಮೆ ಬರುವ ಫಕೀರವ್ವನದಂತೂ ಕೀಪ್ಯಾಡ್ ಫೋನ್. ಕೊನೆಗೆ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಎಲ್ಲರಿಗೂ ಹಂಚಿದರು.

ಮುಂದಿನ ಸಲ ಫಕೀರವ್ವ ತಂದ ಬಟ್ಟೆಯ ಹಿಂಬದಿಯನ್ನು ಉಡಚವ್ವ ಬೆರಳಿನಿಂದ ಸವರಿದಳು.

“ಏನವಾ ಫಕೀರಿ, ಪಲ್ಲಕ್ಕ್ಯಾಗ ದೇವರು ಕುಂತಾನೋ, ಗಂಟು ಕುಂತೈತೋ?”

“ಏನ್ ಮಾಡ್ಲಿ ಆಯಿ? ದಾರ ನಡುವ ಸಿಕ್ಕೊಂಡು ನಿಂತ್ತು. ಚಿತ್ರದಾಗ ಪಲ್ಲಕ್ಕಿ ಐತಿ, ಹೊಳ್ಳಿ ಬರೂ ಹಾದಿ ಇಲ್ಲ.”

“ನನ್ನ ಫೋನ್ ಒಯ್ರಿ ಅಕ್ಕಾ” ಎಂದರು ಗುಲ್ನಾಜ.

“ನೀವು ನನ್ನ ಡಬ್ಬಾ ಫೋನ್ ಹಿಡ್ಕೊಂಡು ಸಾಲಿಗಿ ಹೋಗ್ತೀರೇನ್ರಿ? ಹುಡುಗ್ರು ನಗ್ತಾವ!”

ಎಲ್ಲರೂ ನಕ್ಕರು. ಪ್ರಭಾವತಿಯವರಿಗೆ ಮಾತ್ರ ಕಚೇರಿಯ ಪದ್ಧತಿಯೊಂದು ನೆನಪಾಯಿತು. ಅಲ್ಲಿ ಒಬ್ಬರು ಹೊಲದ ಅಳತೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಪ್ರಭಾವತಿಯವರು ಕತ್ತೆತ್ತದೆ, ಕಿವಿಯಿಂದ ಕೇಳಿಯೇ ಗೆರೆ ಎಳೆಯುತ್ತಿದ್ದರು.

“ಫಕೀರವ್ವಾ, ನಿನ್ನ ಫೋನಿನ್ಯಾಗ ಮಾತು ಛಲೋ ಕೇಳಸ್ತೈತಲ್ಲ? ಸಾಕು, ನಾ ಹಾದಿ ಹೇಳ್ತೀನಿ.”

ಮರುವಾರ ಅವರು ಗುಲ್ನಾಜರ ಫೋನಿನಲ್ಲಿ ಓಡುವ ಗೆರೆಯನ್ನು ನೋಡುತ್ತ, ಹೆಬ್ಬಳ್ಳಿಗೆ ಕರೆ ಮಾಡಿ ಹೇಳತೊಡಗಿದರು: “ಒಂದು ಮ್ಯಾಲೆ ಹಾಕು, ಒಂದು ಬಿಡು. ಇನ್ನ ಬಲಕ್ಕ ತಿರುಗು, ಕುಚ್ಚಿಗೆ ಹೋಗು...”

ಗೋಡೆಗೊರಗಿದ್ದ ಉಡಚವ್ವ ಗದರಿದಳು. “ಈಗ ಕುಚ್ಚಿಗೆ ಹೋಗಬ್ಯಾಡ! ಹೊಳ್ಳಿ ಬರೂವಾಗ ಹೋಗು. ನಿನ್ನ ಆ್ಯಪಿಗೇನ್ ಗೊತ್ತೈತಿ, ಅದು ಯಾವ ಸೀರಿ ಹೊಲದೈತಿ?”

ಪ್ರಭಾವತಿಯವರು ಅಲ್ಲಿಯೇ ಗೆರೆ ತಿದ್ದಿಕೊಂಡು ಮುಂದುವರಿಸಿದರು. ಆಂಡ್ರಾಯ್ಡ್ ಫೋನಿನವರೂ ಅದೇ ಮಾತು ಕೇಳಿ ಸೂಜಿ ನಡೆಸಿದರು. ಹೀಗೆ ಹಲವು ಗುರುವಾರ ನಡೆದ ಮೇಲೆ ಫಕೀರವ್ವ ಹೊಸ ಬಟ್ಟೆ ತಂದಳು. ಉಡಚವ್ವ ಅದನ್ನು ಒಮ್ಮೆ ಸವರಿ, ಹೊರಳಿಸಿ ಮತ್ತೊಮ್ಮೆ ಸವರಿದಳು.

“ಮುಂದಿನ ಮಗ್ಗಲ ಯಾವದವಾ ಇದರಾಗ?”

“ನನಗೂ ತಿಳಿವಲ್ದು ಆಯಿ.”

“ಹಂಗಾರ ಬಂತು ನಿನಗ” ಎಂದಳು ಮುದುಕಿ.

ಫಕೀರವ್ವ ಆ ಬಟ್ಟೆಯನ್ನು ಉಡಚವ್ವನ ಕೈಯಲ್ಲೇ ಬಿಟ್ಟುಹೋದಳು. ಪ್ರಭಾವತಿಯವರು ಅದನ್ನು ಗೋಡೆಗೆ ಹಾಕದೆ ಪಡಸಾಲೆಯ ಬಾಗಿಲಿಗೆ ಪರದೆಯಾಗಿ ಕಟ್ಟಿದ್ದಾರೆ. ಬಂದವರನ್ನು ಮೊದಲು ಹೊರಗೆ ನಿಲ್ಲಿಸಿ ಪಲ್ಲಕ್ಕಿ ತೋರಿಸುತ್ತಾರೆ. ಆಮೇಲೆ ಪರದೆ ಸರಿಸಿ ಹೇಳುತ್ತಾರೆ: “ಒಳಗ ಬರ್ರಿ. ಈಗ ಈ ಕಡಿಂದ ನೋಡ್ರಿ.”