ವರ್ನಿಯರ್ ಹಿಡಿದು ಅಳೆದ ವೆಬ್ ಪೇಜ್

ನೋಡ್ರಪ್ಪಾ, ಇವತ್ತು ನನ್ನ ಲ್ಯಾಪ್‌ಟಾಪು ಕ್ವಾಲಿಟಿ ಚೆಕ್ಕಿಂಗಲ್ಲಿ ಫೇಲಾಯ್ತು.

ಪೀಣ್ಯದಲ್ಲಿ ನಟ್ಟು-ಬೋಲ್ಟಿಗೆ ಹಾಕೋ ವಾಷರ್ ಮಾಡೋ ಫ್ಯಾಕ್ಟರಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಡ್ತಿದ್ದೀನಿ. ಇವತ್ತು ಓನರ್ ಓಕೆ ಅಂದಿದ್ರೆ ಸಂಜೆಗೆ ಸೈಟ್ ಲೈವ್. ಅವರ ಆರು ಬಗೆ ವಾಷರ್‌ಗಳನ್ನ ಎಚ್‌ಟಿಎಂಎಲ್ ಲಿಸ್ಟ್ ಮಾಡಿ ಒಂದರ ಕೆಳಗೊಂದು ಹಾಕಿದ್ದೆ. ಸಾಲಿನ ಮುಂದೆ ತಾನಾಗೇ ಬರೋ ಕಪ್ಪು ಚುಕ್ಕೆ, ಅಂದ್ರೆ ಬುಲೆಟ್ಟು, ಬೇಡ ಅಂತ ಸ್ಟೈಲ್ ಕೋಡಲ್ಲಿ 'ಸರ್ಕಲ್' ಅಂತ ಬರೆದೆ. ಪುಟ್ಟ ಪುಟ್ಟ ಉಂಗುರ ಬಂದವು. ಥೇಟ್ ವಾಷರ್! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಓನರ್ ನೋಡಿ ಮುಖ ಸಿಂಡರಿಸಿದ್ರು. "ತೂತು ದೊಡ್ಡದಾಯ್ತಲ್ರೀ. ನಮ್ಮ ಮಾಲು ಹಿಂಗಿರಲ್ಲ." ಜೇಬಿಂದ ವರ್ನಿಯರ್ ತೆಗೆದು ಸ್ಕ್ರೀನಿಗೇ ಇಟ್ಟು ಅಳೆದ್ರು.

"ಸಾರ್, ಅದು ಬರೀ ಬುಲೆಟ್ಟು."

"ವಾಷರ್ ಪಕ್ಕ ವಾಷರ್ ತರ ನಿಂತ್ಮೇಲೆ ಅದೂ ವಾಷರ್ರೇ ಕಣ್ರೀ."

ಆಮೇಲೆ ಆಫೀಸಿನ ದೊಡ್ಡ ಮಾನಿಟರಲ್ಲಿ ಅದೇ ಪೇಜ್ ತೆಗೆಸಿ ಅಳೆದ್ರು. ಅಲ್ಲಿ ಬೇರೆ ಸೈಜು. "ಒಂದೇ ಪೀಸು, ಎರಡು ಅಳತೆನಾ? ಆರೂ ರಿಜೆಕ್ಟ್!" ಅಂತ ಕೆಂಪು ಟ್ಯಾಗ್ ತಂದು ನನ್ನ ಲ್ಯಾಪ್‌ಟಾಪಿಗೇ ಕಟ್ಟಿಬಿಟ್ರು. ಅದನ್ನ ಬಿಚ್ಚೋ ಅಧಿಕಾರ ನಂಗಿಲ್ವಂತೆ.

ಗೇಟಲ್ಲಿ ಸೆಕ್ಯುರಿಟಿ ಅಣ್ಣ ಟ್ಯಾಗ್ ನೋಡಿ ತಡೆದ. "ರಿಜೆಕ್ಟ್ ಮಾಲು ಗೇಟ್ ಪಾಸ್ ಇಲ್ದೆ ಆಚೆ ಬಿಡಂಗಿಲ್ಲ ಸಾರ್."

ವಾಪಸ್ ಹೋಗಿ ಪಾಸ್ ಬರೆಸ್ಕೊಂಡೆ. ಈಗ ದಾಸರಹಳ್ಳಿ ಬಸ್ಸಲ್ಲಿ ಕೂತು ಅದನ್ನೇ ಓದ್ತಿದ್ದೀನಿ: "ವಾಷರ್, ಆರು. ತೂತು ದೊಡ್ಡದು. ಸರಿಪಡಿಸಿ ಮರಳಿ ತರತಕ್ಕದ್ದು. ಪ್ಯಾಕಿಂಗ್: ಲ್ಯಾಪ್‌ಟಾಪ್, ಒಂದು."