ಪರದೆಯ ಹಿಂದಿನ ಎಡಚ ವೀರ

ನಮ್ಮ ಯಜಮಾನರ ಹೆಸರು ಗುದ್ಲೆಪ್ಪ. ಅವರಿದ್ದಾಗ ಆ ಹೆಸರನ್ನು ನಾನು ಬಾಯಿಬಿಟ್ಟು ಅಂದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲವೆಂದು ಬರೆದಿದ್ದೇನೆ. ಬಂಕಾಪುರದ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. ಶಾಲೆ ಬಿಟ್ಟ ಮೇಲೆ ಕೋಟೆಯೊಳಗಿನ ಗುಡಿಯಲ್ಲಿ ಕಲ್ಲಿನ ಬರಹ ಓದುತ್ತ ಕೂರುವುದು ಅವರ ಹುಚ್ಚು. ಓದಿದ್ದನ್ನು ಊರಿಗೆಲ್ಲ ಹೇಳದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ.

೧೯೩೭ರಲ್ಲಿ ಸುಗ್ಗಿ ಮುಗಿದ ಮೇಲೆ ಧಾರವಾಡದ ಗೆಳೆಯರೊಬ್ಬರಿಂದ ಲಾಟೀನು ಪೆಟ್ಟಿಗೆ ತಂದರು. ಅದರೊಳಗೆ ದೀಪ ಹಚ್ಚಿ ಗಾಜಿನ ಚಿತ್ರ ಸಿಕ್ಕಿಸಿದರೆ, ಎದುರು ಕಟ್ಟಿದ ಬಿಳಿ ಬಟ್ಟೆಯ ಮೇಲೆ ಅದು ಆಳೆತ್ತರ ಮೂಡುತ್ತಿತ್ತು. ಗುಡಿ, ಕೋಟೆ, ಕಂಬ ಎಲ್ಲ ತೋರಿಸಿ, ಕೊನೆಗೆ ಹಾನಗಲ್ಲಿನ ಒಂದು ವೀರಗಲ್ಲು ತೋರಿಸುತ್ತಿದ್ದರು. ಊರ ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಅವನ ಕತೆಯನ್ನು ಅವರು ಹೇಳಿದರೆ ಕೂಸುಗಳೂ ಅಳು ನಿಲ್ಲಿಸುತ್ತಿದ್ದವು.

ಪೆಟ್ಟಿಗೆಯ ಕಡೆ ಗಂಡಸರು, ಬಟ್ಟೆಯ ಹಿಂದೆ ಹೆಂಗಸರು. ಆಗ ಎಲ್ಲ ಊರಲ್ಲೂ ಅದೇ ಪದ್ಧತಿ. ಬಟ್ಟೆ ಒದ್ದೆಯಿದ್ದರೆ ಮಾತ್ರ ಬೆಳಕು ಹಿಂದಕ್ಕೆ ದಾಟುತ್ತಿತ್ತು. ಅದಕ್ಕೇ ನಾನು ತಂಬಿಗೆ ಹಿಡಿದು ಹಿಂದೆ ನಿಂತು, ಒಣಗಿದಲ್ಲಿ ನೀರು ಚಿಮುಕಿಸುತ್ತಿದ್ದೆ. ಅವರ ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಚಿತ್ರ ತೋರಿಸಿದ ಊರಿನವರನ್ನು ಬಂಡಿ ಕಟ್ಟಿಸಿ ಆ ಸ್ಥಳಕ್ಕೇ ಕರೆದೊಯ್ಯುವುದು ಅವರ ರೂಢಿ. ಹೀಗೆ ದುಂಡಸಿಯವರು ಹಾನಗಲ್ಲಿಗೆ ಬಂದರು. ಅವರಲ್ಲಿ ಭರಮವ್ವನೆಂಬ ಮುದುಕಿ ಕಲ್ಲಿನ ಮುಂದೆ ನಿಂತು, ಬಗ್ಗಿ ನೋಡಿ, ಸೆರಗು ಕೊಡವಿದಳು.

"ಏ ಮಾಸ್ತರಾ, ಯಾವ ಕಲ್ಲಿಗೆ ಕರಕೊಂಡ ಬಂದೀಯೋ? ಇವ ನಮ್ಮ ವೀರ ಅಲ್ಲ."

"ಇವನ ಅವನು, ಯವ್ವಾ."

"ಸುಮ್ಮನಿರು. ನನ್ನ ಕಣ್ಣಿಲೆ ನೋಡೇನಿ. ನಮ್ಮವ ಎಡಚ ಇದ್ದ. ಇವ ನೋಡಿದರ ಬಲಗೈಯಾಗ ಕತ್ತಿ ಹಿಡದಾನ. ಊದಿನಕಡ್ಡಿ ನಾ ಆ ಎಡಚಗ ತಂದೇನಿ, ಇವಗ ಹಚ್ಚಂಗಿಲ್ಲ!"

ಬಂದ ಹೆಂಗಸರೆಲ್ಲ ಅವಳ ಕಡೆಗೇ ಸಾಕ್ಷಿ ನುಡಿದರು. ಗಂಡಸರು ಬಿದ್ದು ಬಿದ್ದು ನಕ್ಕರು. ನಮ್ಮ ಯಜಮಾನರು ನಗಲಿಲ್ಲ. ತಿರುಗಿ ಬರುವಾಗ ಬಂಡಿಯಲ್ಲಿ ನನ್ನನ್ನು ಕೇಳಿದರು.

"ಅನ್ನವ್ವಾ, ಹಿಂದ ನಿಂತರ ಎಡ ಬಲ ಆಗ್ತದ, ಬಲ ಎಡ ಆಗ್ತದ. ನನಗ ಹೊಳೀಲೇ ಇಲ್ಲ ನೋಡು. ನಿನಗೂ ಹಂಗ ಕಾಣ್ತಿತ್ತೇನು?"

"ಹೌದ್ರಿ. ಎಡಚ ಅಂತನ ನಾನೂ ತಿಳಕೊಂಡಿದ್ನಿ."

"ಅರ್ಧ ಊರಿಗೆ ಉಲ್ಟಾ ಇತಿಹಾಸ ತೋರಿಸೇನಲ್ಲ!" ಸ್ವಲ್ಪ ದೂರ ಬಂದ ಮೇಲೆ ಅಂದರು: "ಒಂದ ಸಲ ನಿನ್ನನ್ನ ಮುಂದ ಕುಂದ್ರಿಸಿ ಅವನ ಕತಿ ಹೇಳ್ತೇನಿ. ತಂಬಿಗಿ ಮುಟ್ಟಬ್ಯಾಡ ಅವತ್ತ."

ಅಂದಿನಿಂದ ನನಗೂ ಅದೇ ಆಸೆ ಹತ್ತಿತು. ಕೈ ಮಡಿಲಲ್ಲಿಟ್ಟು, ಎದುರು ಕುಳಿತು, ಸರಿಯಾಗಿ ಮೂಡಿದ ವೀರನನ್ನು ನೋಡುತ್ತ ಅವರ ಬಾಯಿಂದ ಅವನ ಕತೆ ಕೇಳಬೇಕು. ಮನೆಯಲ್ಲಿ ಹೇಳಿಸಿಕೊಳ್ಳಬಹುದಿತ್ತು, ಮನೆಯಲ್ಲಿ ಚಿತ್ರವಿರಲಿಲ್ಲ. ಹೆಂಗಸರನ್ನು ಮುಂದೆ ಕೂರಿಸೋಣವೆಂದು ಶಿಗ್ಗಾವಿಯಲ್ಲಿ ಕೇಳಿದರು, ಹಿರಿಯರು ಒಪ್ಪಲಿಲ್ಲ. ಸವಣೂರಿನಲ್ಲಿ, "ತಂಬು ಸಿನೆಮಾದಾಗೂ ಹೆಂಗಸರು ಹಿಂದನ ಕುಂದರ್ತಾರ. ನಿಮ್ಮದೇನು ಹೊಸಾ ಕಾಯ್ದೇರಿ?" ಎಂದರು. ವರ್ಷಗಳು ಹೋದವು. ಬಟ್ಟೆ ಹಳೆಯದಾಯಿತು, ನಾನು ತೇಪೆ ಹಚ್ಚಿದೆ.

೧೯೪೩ರ ಚಳಿಗಾಲಕ್ಕೆ ಅವರ ಗಂಟಲಲ್ಲಿ ಗಡ್ಡೆಯಾಗಿತ್ತು. ದನಿ ಒಡೆಯುತ್ತಿತ್ತು. ಬೇಡವೆಂದರೂ ಹಿರೇಕೆರೂರಿಗೆ ಹೊರಟರು. ಅಲ್ಲಿಯ ಹಿರಿಯ ಪರಮೇಶಪ್ಪನವರು ಅವರ ಸ್ಥಿತಿ ನೋಡಿ, "ಹೆಣ್ಣುಮಕ್ಕಳೂ ಮುಂದ ಬರ್ಲಿ. ಒಂದ ಬಾಜೂಕ ಕುಂದರ್ಲಿ" ಎಂದುಬಿಟ್ಟರು. ನಾನು ಮುಂದಿನ ಸಾಲಿನಲ್ಲಿ ಕುಳಿತೆ. ಕೈಗೆ ಕೆಲಸವಿಲ್ಲದೆ ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಮೊದಲ ಚಿತ್ರ ಮೂಡಿತು. ಅವರು ಬಾಯಿ ತೆರೆದರು. ಉಸಿರು ಬಂತು, ಮಾತು ಬರಲಿಲ್ಲ. ನೀರು ಕುಡಿದು ಮತ್ತೆ ತೆರೆದರು. ಜನ ಮಿಸುಕಾಡತೊಡಗಿದರು. ಆಗ ನನ್ನ ಕಡೆ ನೋಡಿ, ಚಿತ್ರ ತೋರಿಸುವ ಕೋಲನ್ನು ನನ್ನ ಕೈಗಿಟ್ಟರು.

ಎದ್ದು ನಿಂತೆ. ಕೋಲನ್ನು ಬಟ್ಟೆಯ ಕಡೆ ಚಾಚಿದೆ. ಇಷ್ಟು ವರ್ಷ ಹಿಂದೆ ನಿಂತು ಕೇಳಿದ್ದೆಲ್ಲ ಅವರ ಮಾತಿನಲ್ಲೇ ಬಂತು. ಕೊನೆಗೆ ವೀರ ಮೂಡಿದ. ನಾನು ಹಿಂದಿನಿಂದ ನೋಡಿದ ರೂಢಿಯಲ್ಲಿ "ಎಡಗೈಯಾಗ ಕತ್ತಿ ಹಿಡದು" ಅಂದೆ.

"ಬಲಗೈ ಐತಲ್ಲಬೇ ಅಕ್ಕಾ, ಕಣ್ಣ ಹೋಗ್ಯಾವೇನು?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಮ್ಮ ಯಜಮಾನರೂ ಸದ್ದಿಲ್ಲದೆ, ಭುಜ ಕುಲುಕಿಸಿ ನಕ್ಕರು. ನಾನು ತಿದ್ದಿಕೊಂಡು ಕತೆ ಮುಗಿಸಿದೆ. ವೀರನನ್ನು ಸರಿಯಾಗಿ ನೋಡಿದೆ, ಅವರ ಮುಖವನ್ನೂ ನೋಡಿದೆ. ಹೇಳುತ್ತಿದ್ದವಳು ಮಾತ್ರ ನಾನಾಗಿದ್ದೆ.

ಮುಂದಿನ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಲಾಟೀನು ಪೆಟ್ಟಿಗೆ ಧಾರವಾಡಕ್ಕೆ ಹೋಯಿತು.

ಹಿರೇಕೆರೂರಿನಿಂದ ಹೊರಟ ಬಂಡಿಯಲ್ಲಿ ನಾನು ಅವರಿಗೆ ಅಂದಿದ್ದೆ, "ಚಿತ್ರ ಇನ್ನೂ ಕಣ್ಣಾಗ ಐತ್ರಿ. ಈಗ ನೀವು ಕತಿ ಹೇಳ್ರಿ." ಅವರು ಬೇಡವೆನ್ನಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ ಮೊದಲಿನಿಂದ ಹೇಳತೊಡಗಿದರು. ಬರೀ ಬಿಸಿ ಉಸಿರು. ಗಾಲಿಯ ಸದ್ದಿನಲ್ಲಿ ಒಂದು ಮಾತೂ ತಿಳಿಯಲಿಲ್ಲ. ಅವರು ನಿಲ್ಲಿಸಿಬಿಟ್ಟಾರೆಂದು ನಾನು ದಾರಿಯುದ್ದಕ್ಕೂ "ಹೂಂ, ಮುಂದ?" ಅನ್ನುತ್ತಲೇ ಬಂದೆ.