ಎಸ್ತೇರವ್ವನ ಸಿಟ್ಟಿನ ಸಾಕ್ಷಿ

ಎಸ್ತೇರವ್ವ ಹಾಡತೊಡಗಿದರೆ ಹಾರ್ಮೋನಿಯಂ ಒಂದು ದಾರಿ, ಅವಳದು ಇನ್ನೊಂದು ದಾರಿ. ಸಂತೆಸಂತೆ ತಿರುಗಿ ಬಳೆ ಮಾರುವವಳು. ಅರಕೇರಾದಿಂದ ಸಿರವಾರದವರೆಗೂ ಅವಳ ಗಂಟಲು ಗೊತ್ತು. ಮಾನ್ವಿಯ ನಮ್ಮ ಸಣ್ಣ ಚರ್ಚಿನಲ್ಲಿ ಕೂರಲು ಅವಳಿಗೆ ಮೊದಲ ಸಾಲೇ ಆಗಬೇಕು. ಸ್ವಲ್ಪ ಮೆಲ್ಲಗೆ ಹಾಡಮ್ಮ ಎಂದ ಪಾಸ್ಟರಿಗೆ, ದನಿ ಕೊಟ್ಟವನೇ ಸುಮ್ಮನಿರುವಾಗ ನಿಮ್ಮದೇನು ತಕರಾರು ಎಂದು ಕೇಳಿದ್ದಳಂತೆ.

ನಮ್ಮಲ್ಲಿ ಪಾಸ್ಟರ ಪ್ರಸಂಗ ಮುಗಿದ ಮೇಲೆ ಸಾಕ್ಷಿ ಹೇಳುವ ರೂಢಿ. ಒಬ್ಬೊಬ್ಬರೇ ಎದ್ದು ಜ್ವರ ಬಿಟ್ಟಿದ್ದಕ್ಕೋ, ಎಮ್ಮೆ ಈದಿದ್ದಕ್ಕೋ ದೇವರಿಗೆ ಸ್ತೋತ್ರ ಹೇಳುತ್ತಾರೆ. ದೇವದುರ್ಗಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡ ಮುಂದಿನ ಭಾನುವಾರ ಎಸ್ತೇರವ್ವ ಎದ್ದು ನಿಂತಳು. ಎಲ್ಲ ದೇವರ ಚಿತ್ತ ಎನ್ನುತ್ತಾಳೆಂದು ನಾವು ತಲೆ ತಗ್ಗಿಸಿದೆವು.

“ಇವತ್ತ ನನ್ನ ಬಾಯಾಗ ಸ್ತೋತ್ರ ಇಲ್ಲ, ಸಿಟ್ಟದ,” ಎಂದಳು. “ಆದ್ರ ಈ ಸಿಟ್ಟು ತಗೊಂಡು ಮತ್ತ್ಯಾರ ಮನಿಗಿ ಹೋಗ್ಲಿ? ಅದಕ್ಕ ಇಲ್ಲೇ ಬಂದೀನಿ.”

ಕೂತು, ಎಂದಿನ ಅಪಸ್ವರದಲ್ಲೇ ಹಾಡಿದಳು. ಅಂಥ ಸಾಕ್ಷಿಯನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಮುಂದೆ ನನ್ನ ಹೆಂಡತಿ ಕಾಮಾಲೆಯಿಂದ ಹೋದಾಗ ನಾನು ಚರ್ಚಿನ ಕಡೆ ಮುಖ ಹಾಕಲಿಲ್ಲ. ಸತ್ತವರನ್ನು ಮತ್ತೆ ಕಾಣುತ್ತೇವೆ ಎಂದು ಯಾರಾದರೂ ಅಂದರೆ ಮೈ ಉರಿಯುತ್ತಿತ್ತು. ಬಂದವರೆಲ್ಲ ವಾಕ್ಯ ಓದಿ, ಪ್ರಾರ್ಥನೆ ಮಾಡಿ ಹೋದರು. ಎಸ್ತೇರವ್ವ ಬೈಬಲ್ಲನ್ನೇ ತೆಗೆಯಲಿಲ್ಲ. ನನ್ನ ಪುಟ್ಟ ಮಗಳಿಗೆ ಉಣ್ಣಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು, “ನೀ ಹಾಡಬ್ಯಾಡ, ನಿನ್ನ ಪಾಲಿಂದೂ ನಾನೇ ಹಾಡ್ತೀನಿ. ಬಂದು ಕುಂದ್ರು ಸಾಕು,” ಎಂದಳು.

ಮಗಳನ್ನು ಕರೆದುಕೊಂಡು ಹೋಗಿ ಕುಳಿತೆ. ಅವಳು ನಿಜಕ್ಕೂ ಇಬ್ಬರಿಗಾಗುವಷ್ಟು ಜೋರಾಗಿ ಹಾಡಿದಳು. ಆದರೂ ಸತ್ತವರನ್ನು ಮತ್ತೆ ಕಾಣುತ್ತೇವೆ ಎಂಬ ಆ ಒಂದು ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ರಾಯಚೂರಿನ ಆಸ್ಪತ್ರೆಯಲ್ಲಿ, ತೀರಿಕೊಳ್ಳುವ ಹಿಂದಿನ ದಿನ. ಹೆದರಿಕೆ ಆಗುತ್ತಿದೆಯೇ ಎಂದು ಕೇಳಿದೆ.

“ಅಂಜಿಕಿ ಅದ. ಮಗಳು ಅಲ್ಲಿ ಅದಾಳಂತ ಧೈರ್ಯನೂ ಅದ.” ಆಮೇಲೆ, ಪಕ್ಕದೂರಿನ ಬಸ್ಸಿಗೆ ಹೊರಟವಳ ಹಾಗೆ ಕೇಳಿದಳು: “ನಿನ್ನ ಹೆಂಡ್ತಿಗಿ ಏನರ ಹೇಳೋದದೇನು? ಹೇಳ್ತೀನಿ.”

ನಗಬೇಕೆಂದುಕೊಂಡೆ, ಆಗಲಿಲ್ಲ. ಮಗಳ ಜಡೆ ಹೆಣೆಯುವುದನ್ನು ಕಲಿತಿದ್ದೇನೆ ಎಂದು ಹೇಳಬೇಕವ್ವಾ ಅಂದೆ. ಅಂದ ಮೇಲೆ ತಿಳಿಯಿತು, ಆ ಸುದ್ದಿ ಮುಟ್ಟುತ್ತದೆಂದು ನಾನು ನಂಬಿಬಿಟ್ಟಿದ್ದೆ.

ಎಸ್ತೇರವ್ವ ಕಣ್ಣು ಮುಚ್ಚಿಕೊಂಡೇ ವಿಚಾರಿಸಿದಳು: “ಒಂದು ಜಡಿನೋ, ಎರಡೋ? ಆಕಿ ಕೇಳ್ತಾಳ.”

“ಎರಡು,” ಎಂದೆ.